ನೀರಿನ ಮೇಲೆ ಅರ್ತ್ ಇಲ್ಲ

ನಾನು ಜೆ.ಸಿ. ರಸ್ತೆಯವನು, ಸಗಾಯಂ,
ಇಪ್ಪತ್ತೆರಡು ವರ್ಷ ಡ್ಯಾಶ್‌ಬೋರ್ಡುಗಳ ಹೊಟ್ಟೆಯಲ್ಲಿ ಕೈಯಾಡಿಸಿದವನು.
ಕಾರಾದರೆ ಸಲೀಸು:
ಕೆಂಪು ತಂತಿಯೊಂದು ಬ್ಯಾಟರಿಯಿಂದ ಹೊರಟರೆ ಸಾಕು,
ಕರಿ ತಂತಿಯನ್ನು ಪಕ್ಕದ ಯಾವುದೋ ಬೋಲ್ಟಿಗೆ ಬಿಗಿದು
ಕೈ ಒರೆಸಿಕೊಂಡುಬಿಡಬಹುದು.
ಉಳಿದ ದಾರಿಯನ್ನು ಗಾಡಿಯ ತಗಡೇ ನೋಡಿಕೊಳ್ಳುತ್ತದೆ.
ಬಾಡಿ ಅರ್ತ್ ಅಂತೀವಿ ಅದಕ್ಕೆ.
ಮೈಯೇ ನೆಲ.

ನಿನ್ನ ಏಳನೇ ನಂಬರಿನ ಪೆಡಲು ದೋಣಿಗೂ ಮೈ ಇದೆ, ಫೈಬರಿನದು;
ಅದಕ್ಕೆ ಕರೆಂಟಿನ ಗುರುತು ಪರಿಚಯ ಇಲ್ಲ.
ಹೋದದ್ದೆಲ್ಲ ತಿರುಗಿ ಬರುವುದಕ್ಕೆ
ನಾವೇ ದಾರಿ ಹಾಕಬೇಕು,
ಸೀಟಿನ ಅಡಿಯಿಂದ, ಪೆಡಲಿನ ಪಕ್ಕದಿಂದ,
ಒಂದು ಕೆಂಪಿಗೆ ಒಂದು ಕಪ್ಪು, ದಪ್ಪದಲ್ಲೂ ಸಮ.
ಎಸ್.ಪಿ. ರಸ್ತೆಯ ಅಂಗಡಿಯವನು ಕೇಳಿದ:
"ಇಷ್ಟೊಂದು ಕರಿ ಯಾಕೆ?"
"ಕೆರೆಗೆ" ಅಂದೆ.
ಮತ್ತೇನೂ ಕೇಳದೆ ಎರಡು ಮೀಟರ್ ಜಾಸ್ತಿ ಅಳೆದ.

ಗುಜರಿಗೆ ಹೋದ ಓಮ್ನಿಯೊಂದರ ಸ್ಟೀರಿಯೋ.
ಎರಡು ಸ್ಪೀಕರು; ಕಾಗದದ ಗಂಟಲು ಬೇಡ ಅಂದೆ,
ಹಲಸೂರು ಕೆರೆಯ ಗಾಳಿಗೆ ಅದು ತಿಂಗಳೊಪ್ಪತ್ತಿನಲ್ಲಿ ಹಪ್ಪಳ.
ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸು.
(ನೀನು ನಕ್ಕೆ: ನೀರಿನ ನಡುವೆ ಬೆಂಕಿಯ ಭಯವಾ?
ಹೌದು ಮಾರಾಯ, ಅಲ್ಲೇ ಜಾಸ್ತಿ.
ಇಳಿದು ಓಡುವುದಕ್ಕೆ ರಸ್ತೆ ಎಲ್ಲಿದೆ?)

ಬ್ಯಾಟರಿ, ಮುಚ್ಚಿಹೋದ ಜೆರಾಕ್ಸ್ ಅಂಗಡಿಯ ಯುಪಿಎಸ್‌ನದು,
ಹನ್ನೆರಡು ವೋಲ್ಟು, ಇಪ್ಪತ್ತಾರು ಆಂಪಿಯರ್-ಗಂಟೆ.
ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಉಳಿದದ್ದು ಹದಿಮೂರು.
ಹಾಡಿಗೆ ಬೇಕು ಮೂರು ಚಿಲ್ಲರೆ ಆಂಪಿಯರು.
ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ಹೇಳಿದೆ:
ಅರ್ಧ ಗಂಟೆಯ ಟ್ರಿಪ್ಪು, ಎಂಟು.
"ಒಂಬತ್ತನೆಯವರಿಗೆ?"
"ಅವರು ಮಾತಾಡ್ಕೊಳ್ಳಲಿ" ಅಂದಿ.

ಆ ಭಾನುವಾರ ಒಂಬತ್ತನೆಯವರು ನಾವು.

ಮುನಿಲಕ್ಷ್ಮಿ ದೋಣಿ ಹತ್ತಿದ್ದು ಅದೇ ಮೊದಲು.
ಬ್ಯಾಟರಿಯ ಭಾರ ಎಡಕ್ಕೆ, ಅದಕ್ಕೇ ಹಗುರ ಇದ್ದವರು ಎಡಕ್ಕೆ,
ಹಾಗಂತ ನೀನೇ ಅವಳನ್ನು ಕೂರಿಸಿದೆ.
ಚಪ್ಪಲಿ ಬಿಟ್ಟು ಪೆಡಲು ತುಳಿದಳು, ಹೊಲಿಗೆ ಮಿಷನ್ನಿನ ಹಾಗೆ,
ಅರಿವೆ ಇಲ್ಲದ ಕಡೆ ನೀರನ್ನು ಹೊಲಿಯುತ್ತಾ.
ಗಿಡ ಬೆಳೆದ ನಡುಗಡ್ಡೆಯ ಹತ್ತಿರ
ಡೋಲಿನ ಪೆಟ್ಟಿಗೊಮ್ಮೆ ಸ್ಟೀರಿಯೋದ ನೀಲಿ ದೀಪ ಮಂಕಾಯಿತು.
ಪೆಟ್ಟಿಗೊಮ್ಮೆ, ಪೆಟ್ಟಿಗೊಮ್ಮೆ.
ಆಮೇಲೆ ಟಪ್ ಅಂತ ಒಂದು ಸದ್ದು.
ಹಾಡು ಅರ್ಧ ಪದದಲ್ಲಿ ನಿಂತಿತು.

ನನ್ನ ಲೆಕ್ಕ ಸರಿಯಾಗಿತ್ತಲ್ಲ ಅಂತ
ಒಳಗೊಳಗೇ ಬೀಗುತ್ತಾ ಕೂತಿದ್ದೆ.
ಬಲಗಡೆಯಿಂದ ಗುರುದ್ವಾರದ ಕೀರ್ತನೆ ತೇಲಿ ಬರುತ್ತಿತ್ತು,
ಒಂದು ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು.
ತೋಳಿಗೆ ಕೈ ತಾಕಿತು.

"ಮೂರು ಸಲ ಕರೆದೆ."

ಹಾಡಿನ ಗಲಾಟೆ ಅಂದೆ.

"ಹಾಡು ನಿಂತ ಮೇಲೆ ಕರೆದೆ."

ಸ್ಪೀಕರು ಗರಗರ ಅನ್ನುತ್ತದೆಯೇ ಎಂದು
ಇಪ್ಪತ್ತೆರಡು ವರ್ಷ ಎಡಗಿವಿಯನ್ನೇ ಒತ್ತಿ ಹಿಡಿದಿದ್ದೆ.
ಅದು ಯಾವಾಗ ಹೋಯಿತೋ. ನನಗೆ ಗೊತ್ತಾದದ್ದು ಹೋದ ಯುಗಾದಿಗೆ.
ಊಟಕ್ಕೆ, ಬಸ್ಸಿಗೆ, ಮದುವೆ ಮನೆಯ ಕುರ್ಚಿಗೆ,
ಅವಳನ್ನು ಬಲಕ್ಕೇ ಕೂರಿಸಿಕೊಂಡು
ಗುಟ್ಟು ಕಾಪಾಡಿಕೊಂಡೆ ಅಂದುಕೊಂಡಿದ್ದೆ.

"ಗೊತ್ತು" ಅಂದಳು, ಬಾಯಿ ನೋಡಿ ತಿಳಿದುಕೊಂಡೆ.
"ನಾನೇ ಬಂದು ಬಲಕ್ಕೆ ಕೂರ್ತಿದ್ದೆ, ಕಣ್ರೀ."

ದಡದ ತನಕ ಇಬ್ಬರೂ ತುಳಿದೆವು.
ಅವಳು ಏನೇನೋ ಹೇಳುತ್ತಲೇ ಇದ್ದಳು, ಬೇಕಂತಲೇ ಎಡಕ್ಕೆ;
ನಾನು ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, ದೋಣಿ ಅಡ್ಡಾದಿಡ್ಡಿ,
ಕಟ್ಟೆಯ ಮೇಲಿಂದ ನೀನು ಸೀಟಿ ಊದುತ್ತಿದ್ದೆ.

ಮುಂದಿನ ವಾರ ಬ್ಯಾಟರಿಯನ್ನು ಬಲಕ್ಕೆ ಹಾಕೋಣ, ಸಗಾಯಂ.
ಕರಿ ತಂತಿ ಎರಡು ಮೀಟರ್ ಉಳಿದಿದೆ.
ಹತ್ತರ ಸ್ಪ್ಯಾನರು ತಂದಿರು.